ಗುಟ್ಟಿನ ಪದ

"ಅಣ್ಣಾರ, ನನ್ನ ಮೇಲ್ ಯಾಕ ಹೊಳ್ಳಿ ಬರಾಕತ್ತಾವ್ರಿ?"

ನಾಲತವಾಡದಿಂದ ಬಸ್ಸಿಳಿದು ಬಂದಿದ್ದ ಭಾಗ್ಯಜ್ಯೋತಿ ಇಂಟರ್ನೆಟ್ ಸೆಂಟರಿನ ಬಾಗಿಲಲ್ಲೇ ನಿಂತು ಕೇಳಿದಳು. ಆ ಊರಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಅವಳದು. ಚಿಕ್ಕಂದಿನ ಜ್ವರದಲ್ಲಿ ಕಿವಿ ಹೋಗಿದ್ದವು. ಹಾಗಾಗಿ ಸಂಜೀವಕುಮಾರ ಉತ್ತರವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ತೋರಿಸಿದ: "ಬರೋ ಮೇಲ್ ಬರ್ತಾವೇನು?"

"ಬರ್ತಾವ್ರಿ. ಸೊಲ್ಲಾಪುರದಿಂದ ನಮ್ಮ ತಂಗಿ ಐಶ್ವರ್ಯ ದಿನಾ ಬರೀತಾಳ. 'ಅಕ್ಕಾ, ಸಿಟ್ಟಾಗೀ ಏನು?' ಅಂತ ಕೇಳ್ಯಾಳ. ನಂದ ಹೋಗವಲ್ದು. ಆಕಿಗೆ ದಿನ ತುಂಬ್ಯಾವ್ರಿ. ಫೋನ್ ಹಚ್ಚಿದ್ರ ನನಗೇನ್ ಕೇಳ್ತೈತಿ?"

ಅದು ೨೦೦೨. ಮುದ್ದೇಬಿಹಾಳದ ಅವನ ಇಂಟರ್ನೆಟ್ ಸೆಂಟರಿನ ಸರ್ವರ್ ಯಾರೇ ಮೇಲ್ ಕೊಟ್ಟರೂ ಮುಂದಕ್ಕೆ ಸಾಗಿಸುತ್ತಿತ್ತು. ಯಾವುದೋ ದೇಶದವರು ಅದನ್ನು ಪತ್ತೆ ಹಚ್ಚಿ, ಅದರ ಮೂಲಕ ಜಾಹೀರಾತಿನ ಕಸ ಸುರಿದರು. ಈ ಸರ್ವರಿನ ಮೇಲ್ ಎಂದರೆ ಹೊರಗಿನವರು ಬಾಗಿಲು ಹಾಕತೊಡಗಿದರು. ಕೊನೆಗೆ ಅವನು ಗುರುತಿನ ಕಂಪ್ಯೂಟರುಗಳ ಮೇಲ್ ಮಾತ್ರ ಸಾಗುವಂತೆ ಮಾಡಿದ್ದ. ಮುದ್ದೇಬಿಹಾಳದ ಅಂಗಡಿಗಳಿಗೆ ಕೇಬಲ್ ಇತ್ತು, ಅವುಗಳ ಕಂಪ್ಯೂಟರಿಗೆ ಕಾಯಂ ನೆಟ್ ವಿಳಾಸವಿತ್ತು. ನಾಲತವಾಡದಿಂದ ಫೋನಿನ ತಂತಿಯಲ್ಲಿ ಬರುವ ಭಾಗ್ಯಜ್ಯೋತಿಗೆ ಪ್ರತಿಸಲ ಹೊಸ ವಿಳಾಸ. ಸರ್ವರಿಗೆ ಅವಳು ಪರಕೀಯಳಾಗಿಬಿಟ್ಟಿದ್ದಳು.

ಮತ್ತೆ ಎಲ್ಲರಿಗೂ ತೆರೆದರೆ ಊರಿನವರ ಮೇಲ್ ಎಲ್ಲ ನಿಲ್ಲುತ್ತದೆ. ತೆರೆಯದಿದ್ದರೆ ಇವಳದು ಹೋಗುವುದಿಲ್ಲ. ಸಂಜೀವಕುಮಾರ ದಪ್ಪ ಪುಸ್ತಕ ಹಿಡಿದು ಕೂತ. ತರಿಸಿದ ಚಹಾ ಆರಿತು. ಇಳಿಹೊತ್ತಿಗೆ ದಾರಿ ಸಿಕ್ಕಿತು: ಎಲ್ಲಿಂದಲೇ ಬರಲಿ, ಹೆಸರು ಮತ್ತು ಗುಟ್ಟಿನ ಪದ ಹೇಳಿದವರನ್ನು ಸರ್ವರ್ ಒಳಗೆ ಬಿಡಬೇಕು. ಅದರಂತೆ ಬದಲಿಸಿ, ಟೈಪ್ ಮಾಡಿದ: "ನಿನಗ ಬೇಕಾದ್ದೊಂದು ಪದ ಹಾಕು ತಂಗೆವ್ವಾ. ನನಗೂ ಹೇಳಬ್ಯಾಡ." ಕುರ್ಚಿ ಬಿಟ್ಟುಕೊಟ್ಟು ಗೋಡೆಯ ಕಡೆ ಮುಖ ಮಾಡಿದ.

ಭಾಗ್ಯಜ್ಯೋತಿ ಒಂದೊಂದೇ ಅಕ್ಷರ ಒತ್ತಿದಳು. ಒತ್ತುತ್ತಾ ಬಾಯಿಬಿಟ್ಟು ಅನ್ನುತ್ತಿದ್ದಳು. ತುಟಿಯಿಂದ ದನಿಯೂ ಹೊರಟಿದ್ದು ಅವಳಿಗೆ ತಿಳಿಯಲಿಲ್ಲ. ಅದೊಂದು ಮುದ್ದಿನ ಹೆಸರು. ಓಣಿಯಲ್ಲಿ ಆಡುವ ಕೂಸನ್ನು ಸಂಜೆ ಮನೆಗೆ ಕರೆಯುವಂತೆ ಅಂದಳು. ಪದವನ್ನು ಇನ್ನೊಮ್ಮೆ ಹಾಕಲು ಕಂಪ್ಯೂಟರ್ ಕೇಳಿತು. ಇನ್ನೊಮ್ಮೆ ಅಂದಳು, ಇನ್ನೂ ಜೋರಾಗಿ. ಸಂಜೀವಕುಮಾರ ಮೆಲ್ಲಗೆ ಹೋಗಿ ಬೀದಿಯ ಬಾಗಿಲು ಮುಚ್ಚಿದ.

ಅವನು ಪರೀಕ್ಷೆಗೆಂದು ಆ ಕಂಪ್ಯೂಟರನ್ನು ಫೋನಿನ ತಂತಿಗೆ ಹಚ್ಚಿಕೊಟ್ಟಾಗ ಅವಳು ಅಲ್ಲೇ ಕೂತು, ಆ ಪದ ಕೊಟ್ಟು, ತಂಗಿಗೆ ಎರಡು ಸಾಲು ಕಳಿಸಿದಳು. ಬಸ್ಸಿಗೆ ಹೊರಡುವ ಮೊದಲೇ ಉತ್ತರ ಬಂತು: "ಸಿಟ್ಟು ಇಳೀತೇನ ಅಕ್ಕಾ? ನಾ ಆರಾಮ ಅದೇನಿ."

"ಮುಟ್ಟೇತ್ರಿ ಅಣ್ಣಾರ!" ಎಂದು ಭಾಗ್ಯಜ್ಯೋತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಸಂಜೀವಕುಮಾರ ಈಗ ಅದೇ ಜಾಗದಲ್ಲಿ ಮೊಬೈಲ್ ಮಾರುತ್ತಾನೆ. ಸರ್ವರ್ ಗುಜರಿಗೆ ಹೋಯಿತು. ಅದಕ್ಕೆ ಬರೆದ ಆದೇಶದ ಸಾಲುಗಳೂ ಮರೆತುಹೋಗಿವೆ. ಆ ಪದ ಮಾತ್ರ, ಅವಳ ದನಿಯ ಸಮೇತ, ನೆನಪಿದೆ. ಯಾರಿಗೂ ಹೇಳಿಲ್ಲ. ತನಗೆ ಕೇಳಿಸಿತ್ತೆಂದು ಅವಳಿಗೂ ಹೇಳಿಲ್ಲ.