ಹ್ಯಾಟಿನ ಪಂದ್ಯ

ಭಾಲ್ಕಿ ಸ್ಟೇಷನ್ ಇನ್ನೇನು ಬಂತು ಅನ್ನುವಾಗ, ತಗ್ಗುದಿಣ್ಣೆಯ ದಾರಿಯಲ್ಲಿ ಮಡೆಪ್ಪ ಸಾಹುಕಾರರ ಹೊಸ ಮೋಟಾರನ್ನು ಹಿಂದೆ ಹಾಕಿದ್ದ ವೈಜಿನಾಥನ ಟಾಂಗಾ ಕುದುರೆ, ಬಸವಣ್ಣನ ಗುಡಿ ಮುಂದೆ ತಟ್ಟನೆ ನಿಂತುಬಿಟ್ಟಿತು. ವೈಜಿನಾಥ ದಿನಾ ಅಲ್ಲಿ ನಿಂತು ಕೈಮುಗಿಯುತ್ತಿದ್ದ. ಕುದುರೆಗೂ ಅದೇ ರೂಢಿ.

ಬೀದರ ಮೈಸೂರು ರಾಜ್ಯ ಸೇರಿದ ಖುಷಿಗೆ ಕಟ್ಟಿದ ಪಂದ್ಯ, ಸ್ಟೇಷನ್ ಮೊದಲು ಯಾರು ಮುಟ್ಟುತ್ತಾರೆಂದು. ಟಾಂಗಾ ಗೆದ್ದರೆ ಸಾಹುಕಾರರ ಹೈದರಾಬಾದಿ ಹ್ಯಾಟು ವೈಜಿನಾಥನಿಗೆ. ಸೋತರೆ ಕುದುರೆಯ ಗೆಜ್ಜೆ ಮೋಟಾರಿಗೆ.

ಮೋಟಾರು ಧೂಳೆಬ್ಬಿಸುತ್ತ ದಾಟಿಹೋಯಿತು. ವೈಜಿನಾಥ ಕುದುರೆಯನ್ನು ಗದರಲಿಲ್ಲ, ಕಣ್ಣುಮುಚ್ಚಿ ಕೈಮುಗಿದ. ಕಣ್ಣು ತೆರೆದಾಗ ಮೋಟಾರು ಹಿಂದಕ್ಕೆ ಬರುತ್ತಿತ್ತು.

ಸಾಹುಕಾರರು ಇಳಿದು, ಹ್ಯಾಟು ತೆಗೆದು, ಗುಡಿಗೆ ಕೈಮುಗಿದರು.

"ಪಂದ್ಯ ನೀವೇ ಗೆದ್ದೀರಿ, ಸಾಹುಕಾರ್ರ," ಎಂದು ವೈಜಿನಾಥ ಗೆಜ್ಜೆ ಬಿಚ್ಚತೊಡಗಿದ.

"ಸುಮ್ಮ ಇರೋ. ನಾ ಗುಡಿ ದಾಟಿ ಹಾಂಗೇ ಹೋಗಿದ್ದೆ. ನಿನ್ನ ಕುದುರಿ ಹೋಗ್ಲಿಲ್ಲ ನೋಡು."

ಸಾಹುಕಾರರು ಹ್ಯಾಟನ್ನು ಕುದುರೆಯ ಕಿವಿಗಳ ನಡುವೆ ಕೂಡಿಸಿ, ತಾವು ಇಟ್ಟುಕೊಳ್ಳುತ್ತಿದ್ದ ಹಾಗೆಯೇ ತುಸು ಓರೆ ಮಾಡಿದರು.