ಅಳಿಸಿದ ಉಸಿರು

“ಇದರಾಗ ನಿಮ್ಮವ್ವ ಉಸರು ಎಲ್ಲೆ ತಗೋತಾಳವಾ?” ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಚನ್ನಬಸವಣ್ಣ ಮಗಳನ್ನು ಕೇಳಿದ.

ನೇತ್ರಾಳ ಕೈ ಮೌಸಿನ ಮೇಲೆ ನಿಂತೇಬಿಟ್ಟಿತು. ಬೆಟಗೇರಿಯ ಈ ಮನೆಯಲ್ಲಿ ಸೀರೆ ನೇಯುತ್ತ ಅವ್ವ ಹಾಡಿದ್ದನ್ನೆಲ್ಲ ಅವಳು ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. ಅವ್ವ ತೀರಿಕೊಂಡ ಮೇಲೆ ಅದೇ ದನಿಯಿಂದ ಸಾವನ್ನು ಕುರಿತ ಎರಡು ಸಾವಿರ ವರ್ಷ ಹಳೆಯ ಲ್ಯಾಟಿನ್ ಪದ್ಯವೊಂದನ್ನು ಕಂಪ್ಯೂಟರಿನಲ್ಲಿ ಹಾಡಿಸಿದ್ದಳು. ಮಗ್ಗದ ಧೂಳು ಕುಡಿದ ಎದೆಯಿಂದ ಸುಂಯ್ ಎಂದು ಬರುತ್ತಿದ್ದ ಅವ್ವನ ಉಸಿರು ಹಾಡಿಗೆ ಚಂದವಲ್ಲವೆಂದು ಒಂದೊಂದನ್ನೇ ಹುಡುಕಿ ಕತ್ತರಿಸಿದ್ದಳು.

“ಎಲ್ಲಾ ತಗದಬಿಟ್ಟೆ ಅಪ್ಪಾ. ಮೊಬೈಲಿನ್ಯಾಗಿದ್ದ ಅವ್ವನ ಹಾಡೂ ಅಳಿಸೀನಿ. ಇನ್ನ ಸಿಗೂದಿಲ್ಲ,” ಎಂದಳು.

ಚನ್ನಬಸವಣ್ಣ ಬಯ್ಯಲಿಲ್ಲ. “ಸತ್ತವರಿಗೆ ದುಃಖ ಇಲ್ಲ ಅಂತೈತಿ ಅಂದಿಯಲ್ಲ ಈ ಪದ್ಯ? ಅವರಿಗೆ ಇರಲಿಕ್ಕಿಲ್ಲ ಬಿಡು. ಮತ್ತ ಮೊದಲಿಂದ ಹಚ್ಚು,” ಎಂದು ಹೆಡ್‌ಫೋನನ್ನು ಎರಡೂ ಕಿವಿಗೆ ಒತ್ತಿಕೊಂಡ.

ಹಾಡು ಅವನಿಗಷ್ಟೇ ಕೇಳುತ್ತಿತ್ತು. ಮೂವತ್ತು ವರ್ಷ ಪಕ್ಕದ ಮಗ್ಗದಲ್ಲಿ ಕೂತು ಹೆಂಡತಿಯ ಹಾಡನ್ನೂ ಉಸಿರನ್ನೂ ಕೇಳಿದವನು. ಸಾಲು ಮುಗಿದಲ್ಲೆಲ್ಲ, ಅವ್ವನ ಹಾಗೆಯೇ ಸುಂಯ್ ಎಂದು, ಅವಳ ಬದಲು ಅವನು ಉಸಿರೆಳೆದುಕೊಳ್ಳತೊಡಗಿದ.