ಒಂದೇ ಬೆಡಗು

"ನಮ್ಮ ಬೆಡಗು ಹೇಳೀವಿ. ನಿಮ್ಮದ್ಯಾವುದ್ರಿ?" ಎಂದು ಉದಗೀರದಿಂದ ಕನ್ಯೆ ನೋಡಲು ಬಂದ ಹಿರಿಯರು ಕೇಳುವುದಕ್ಕೂ ಪ್ರಾಜಕ್ತಾಳ ಮಡಿಲಲ್ಲಿದ್ದ ಮೊಬೈಲು ನಡುಗುವುದಕ್ಕೂ ಸರಿಹೋಯಿತು. ತಾನು ಅಧ್ಯಯನ ಮಾಡುತ್ತಿದ್ದ ಅಳಿವಿನಂಚಿನ ಶಾರ್ಕುಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶಕ್ಕಾಗಿ ಬೆಳಗಿನಿಂದ ಚಡಪಡಿಸುತ್ತಿದ್ದವಳು ಅವಲಕ್ಕಿ ಪೋಹೆಯ ತಟ್ಟೆ ಬದಿಗಿಟ್ಟು ನೋಡಿಯೇಬಿಟ್ಟಳು. ಬದುಕುಳಿದ ಶಾರ್ಕುಗಳೆಲ್ಲ ಒಂದೇ ತಾಯಿಯ ಸಂತತಿ!

"ಒಂದೇ ಬೆಡಗು!" ಬಾಯಿ ಜಾರಿತು. "ಎಲ್ಲಾರದೂ ಒಂದೇ!"

ಹಿರಿಯರ ಚಹಾ ತುಟಿಗೆ ತಲುಪಲೇ ಇಲ್ಲ. ಒಂದೇ ಬೆಡಗೆಂದರೆ ಒಂದೇ ಗೋತ್ರವಿದ್ದಂತೆ, ಅಣ್ಣ-ತಂಗಿ; ಇನ್ನೆಲ್ಲಿಯ ಲಗ್ನ? "ಮೊದಲೇ ಹೇಳಬಾರ್ದಾಗಿತ್ತೇನ್ರಿ?" ಎನ್ನುತ್ತ ಎದ್ದರು. "ಹಂಗಲ್ರೀ, ಆಕಿ ಮೀನಿಂದು ಹೇಳಲತ್ತಾಳ" ಎಂದು ಅಪ್ಪ ಬಸವಣ್ಣೆಪ್ಪ ಬಾಗಿಲಿಗೆ ಅಡ್ಡ ನಿಂತ. ಮೀನು ಎಂಬ ಮಾತು ಕಿವಿಗೆ ಬಿದ್ದದ್ದೇ, ಲಿಂಗವಂತರ ಮನೆಯಲ್ಲಿ ಇದೇನೆಂದು ಅವರು ಚಪ್ಪಲಿಗೆ ಇನ್ನೂ ಬೇಗ ಕಾಲು ತೂರಿಸಿದರು.

ಅಜ್ಜಿ ಇಂದುಬಾಯಿ ಬೈಯಲಿಲ್ಲ. ಮೊಬೈಲಿನ ಶಾರ್ಕಿನ ಚಿತ್ರವನ್ನೇ ನೋಡಿದಳು. "ಅವಕ್ಕ ಬ್ಯಾರೆ ಬೆಡಗಿನವು ಎಲ್ಲೂ ಸಿಗಂಗಿಲ್ಲೇನವ್ವಾ?"

"ಇಡೀ ಸಮುದ್ರದಾಗ ಇಷ್ಟೇ ಉಳದಾವ, ಅಜ್ಜಿ."

ಇಂದುಬಾಯಿ ಆ ಚಿತ್ರದ ಶಾರ್ಕಿನ ಬೆನ್ನು ಸವರಿದಳು. "ಹಂಗಾರ ಮನಿತನಾನೇ ಮುಗೀತು. ಭೂಕಂಪದಾಗ ನನ್ನ ತವರು ಮುಗಿದಂಗ."